ಕ್ಯಾಪ್ಟನ್ ಜೈನಬಾಳ ಹಡಗು

ಅಜೀಜಿಯಾ, ಜಿದ್ದಾ
೧೦ ಆಗಸ್ಟ್ ೨೦೨೪

ವಂದಿ,

ನಿನ್ನ ವಾಯ್ಸ್ ಮೆಸೇಜು ಕೇಳಿದೆ. ಅರ್ಧ ಬೇಡಿಕೆ, ಅರ್ಧ ಬೆದರಿಕೆ. "ಧಾರವಾಡದ ಹಾಸ್ಟೆಲ್‌ನಾಗ ಇಡೀ ರೂಮಿಗೆ ಕತಿ ಹೇಳಾಕಿ, ಈಗ ದಮ್ಮಾಮಿನ ನಮ್ಮ ಹುಡುಗ್ರಿಗೆ ಒಂದು ನಾಟಕ ಬರದು ಕೊಡಾಕ ಏನು ಧಾಡಿ ನಿನಗ?" ಎಂದು ಬೈದಿದ್ದೀಯ. ಧಾಡಿ ಏನೂ ಇಲ್ಲ. ಬರೆದಾಯಿತು, ಇದರ ಜೊತೆಗೇ ಕಳಿಸಿದ್ದೇನೆ. ವಾಟ್ಸಾಪಿನಲ್ಲಿ ಇಂಥ ಮಾತು ಆಡಲು ನನಗೆ ಬರುವುದಿಲ್ಲ. ನೀನೂ ಮೇಲ್‌ನಲ್ಲೇ ಬರೆ.

ಈ ನಾಟಕ ಹುಟ್ಟಿದ್ದು ನಮ್ಮ ಕೆಳಗಿನ ಮನೆಯ ಬಸ್ಮಾಳಿಂದ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚಿತ್ರ ಕಲಿಸುತ್ತಾಳೆ. ಸೌದಿಯವಳೇ. ಆದರೆ ಅವಳ ಮುತ್ತಜ್ಜ ಆಫ್ರಿಕಾದ ಪಶ್ಚಿಮದ ಕಡೆಯಿಂದ ಹಜ್ ಯಾತ್ರೆಗೆಂದು ಬಂದವನು ಮರಳಿ ಹೋಗಲಿಲ್ಲವಂತೆ. ಅವಳೂ ನಾನೂ ಒಟ್ಟಿಗೆ ಹೋದರೆ ದಿನಸಿ ಅಂಗಡಿಯವನು ಅಕ್ಕ-ತಂಗಿಯರಾ ಎಂದು ಕೇಳುತ್ತಾನೆ. ಅವಳನ್ನೂ ಇಲ್ಲಿ ಕೆಲವರು ಕರೆಯುವ ಹೆಸರೊಂದಿದೆ. ಬರೆಯುವುದಿಲ್ಲ.

ಅವಳ ಮನೆಯ ಗೋಡೆ ತುಂಬ ಅವಳೇ ಬಿಡಿಸಿದ ಚಿತ್ರಗಳು. ಗಾಜಿನ ಶಿರಸ್ತ್ರಾಣದೊಳಗೆ ಸಣ್ಣ ಸಣ್ಣ ಜಡೆ ಹೆಣೆದುಕೊಂಡ ಕಪ್ಪು ಹೆಂಗಸರು, ಚಂದ್ರನ ಮೇಲೆ ಮಣ್ಣಿನ ಗೋಡೆಗಳ ಊರು, ನಕ್ಷತ್ರಗಳ ನಡುವೆ ಕಾಫಿ ಕುದಿಸುತ್ತಿರುವ ಅಜ್ಜಿ. ಅಮೆರಿಕಾದಲ್ಲಿ, ಆಫ್ರಿಕಾದಲ್ಲಿ ಕಪ್ಪು ಜನ ಎಷ್ಟೋ ಕಾಲದಿಂದ ಇಂಥ ಕತೆ ಬರೆಯುತ್ತಿದ್ದಾರಂತೆ, ಹಾಡು ಕಟ್ಟುತ್ತಿದ್ದಾರಂತೆ. ಅದಕ್ಕೆ ಆಫ್ರೋಫ್ಯೂಚರಿಸಂ ಎಂಬ ಹೆಸರೂ ಇದೆ. ಬಸ್ಮಾ ಹೇಳಿದಳು: "ನಮ್ಮ ಹಿಂದಿನದನ್ನೆಲ್ಲ ಬೇರೆಯವರು ಬರೆದರು. ಎಷ್ಟು ತಲೆ ಗುಲಾಮರು, ಯಾವ ಬಂದರು, ಅಷ್ಟೇ. ನಿಮ್ಮವರ ಮುಂದಿನದನ್ನು ಬರೆಯಲು ಇನ್ನೂ ಯಾರೂ ಕೂತಿಲ್ಲ. ನೀನೇ ಕೂತುಕೋ."

ಶಮೀನಾ ಒಂದು ಚಿತ್ರದ ಮುಂದೆ ನಿಂತವಳು ಕದಲಲೇ ಇಲ್ಲ. "ಅಮ್ಮಿ, ಇವಳು ಹಳಿಯಾಳದವಳಾ?" ಎಂದು ಕೇಳಿದಳು. ನಮ್ಮ ಸಿದ್ದಿಗಳ ಕೇರಿ ಬಿಟ್ಟರೆ ತನ್ನ ಹಾಗಿರುವವರನ್ನು ಅವಳು ನೋಡಿದ್ದೇ ಕಡಿಮೆ. ಅದೇ ವಾರ ಬರೆಯಲು ಕೂತೆ.

ಇನ್ನೂರು ವರ್ಷ ಮುಂದಿನ ಕತೆ. ಮಂಗಳ ಗ್ರಹದ ಗಾಜಿನ ತೋಟಗಳಿಗೆ ಜೇನುಗೂಡುಗಳನ್ನು ಹೊತ್ತು ಒಂದು ಹಡಗು ಹೊರಟಿದೆ. ಕಾಡಿನಲ್ಲಿ ಜೇನು ಬಿಡಿಸುತ್ತಿದ್ದ ಸಿದ್ದಿಗಳ ಮೊಮ್ಮಗಳು ಕ್ಯಾಪ್ಟನ್ ಜೈನಬಾ ಅದನ್ನು ನಡೆಸುತ್ತಾಳೆ. ನನ್ನ ಅಜ್ಜಿಯ ಹೆಸರದು. ನಡುದಾರಿಯಲ್ಲಿ ವಿದ್ಯುತ್ತು ಕೈಕೊಡುತ್ತದೆ, ಗೂಡುಗಳನ್ನು ಎಸೆದು ಹಿಂದಿರುಗಿ ಎಂದು ಭೂಮಿಯಿಂದ ಆಜ್ಞೆ ಬರುತ್ತದೆ. ಅವಳು ಒಪ್ಪುವುದಿಲ್ಲ. ಉಳಿದದ್ದು ಓದಿಕೋ.

ಶಮೀನಾ ಚೆನ್ನಾಗಿದ್ದಾಳೆ. ಈಚೆಗೆ ತಲೆನೋವು ಎಂದು ಆಗಾಗ ಶಾಲೆ ತಪ್ಪಿಸುತ್ತಾಳೆ, ಅಷ್ಟೇ.

ನಿನ್ನ
ಮೈಮೂನತ್


ದಮ್ಮಾಮ್
೨೫ ಆಗಸ್ಟ್ ೨೦೨೪

ನನ್ನ ಪ್ರೀತಿಯ ಮೈಮೂ,

ಓದಿದೆ, ಕಣ್ಣೀರು ಬಂತು! ಕಾರ್ತಿಕ್ ಕೂಡ ಓದಿದರು. ಆಯಿಲ್ ಕಂಪನಿ ಇಂಜಿನಿಯರ್ ಗಂಡ ಅಲ್ಲವಾ, ಮೊದಲು ತಪ್ಪೇ ಕಂಡಿತು. "ಬಾಹ್ಯಾಕಾಶದಾಗ ಭಾರ ಇರೂದಿಲ್ಲ, ಜೇನು ಹೆಂಗ ಹಾರ್ತಾವ?" ಎಂದರು. ಅದಕ್ಕೊಂದು ಉತ್ತರ ಬರೆದು ಕಳಿಸು, ಅವರ ಬಾಯಿ ಮುಚ್ಚಿಸಬೇಕು.

ನಮ್ಮ ಸಂಘದವರಿಗೆಲ್ಲ ಬಹಳ ಹಿಡಿಸಿದೆ. ಪ್ರತಿ ವರ್ಷ ಅದೇ ರಾಜರ ನಾಟಕ, ಅದೇ ಕಿರೀಟ ನೋಡಿ ಸಾಕಾಗಿತ್ತು. ರಾಜ್ಯೋತ್ಸವ ನವೆಂಬರ್ ಎಂಟಕ್ಕೆ. ಊರಾಚೆ ಬಾಡಿಗೆ ತೋಟದಮನೆ, ಒಂದು ಇಸ್ತಿರಾಹಾ ಗೊತ್ತುಮಾಡಿದ್ದೇವೆ, ಹುಲ್ಲುಹಾಸು, ವೇದಿಕೆ, ಅಡುಗೆ ಜಾಗ ಎಲ್ಲ ಇದೆ. ಜೇನುಗಳ ಪಾತ್ರಕ್ಕೆ ಸಣ್ಣ ಮಕ್ಕಳು ಈಗಲೇ ಜಗಳ ಶುರು ಮಾಡಿವೆ. ನಮ್ಮ ಮಾನಸ ಕ್ಯಾಪ್ಟನ್ನಿನ ಮಾತು ಅರ್ಧ ಬಾಯಿಪಾಠ ಮಾಡಿಬಿಟ್ಟಿದ್ದಾಳೆ ನೋಡು!

ಒಂದೇ ಒಂದು ಮಾತು. ನಿಮ್ಮ ಡಮಾಮಿ ಡೋಲು, ಕುಣಿತ ಎಲ್ಲೂ ಇಲ್ಲವಲ್ಲ? ಸಿದ್ದಿಗಳು ಎಂದ ಮೇಲೆ ಜನ ಅದನ್ನೇ ಕಾಯುತ್ತಾರೆ. ಎಲ್ಲಾದರೂ ಸೇರಿಸಲು ಆಗುತ್ತದಾ ನೋಡು.

ಶಮೀನಾಳಿಗೆ ಕಣ್ಣು ತೋರಿಸು. ಮಾನಸಳಿಗೂ ಹೀಗೇ ಆಗಿತ್ತು, ಕನ್ನಡಕ ಹಾಕಿದ ಮೇಲೆ ತಲೆನೋವು ಮಾಯ.

ನಿನ್ನ ವಂದಿ


ಜಿದ್ದಾ
೧೨ ಸೆಪ್ಟೆಂಬರ್ ೨೦೨೪

ವಂದಿ,

ಕಾರ್ತಿಕ್ ಅವರಿಗೆ ಹೇಳು, ಹಡಗು ತನ್ನ ಸುತ್ತ ತಾನೇ ಬುಗುರಿಯ ಹಾಗೆ ತಿರುಗುತ್ತಿರುತ್ತದೆ. ಆ ತಿರುಗುವಿಕೆಯಿಂದ ಒಳಗಿರುವವರಿಗೆ ಭಾರ ಬರುತ್ತದೆ. ಜೇನೂ ಹಾರುತ್ತದೆ, ಇಂಜಿನಿಯರೂ ನಡೆಯಬಹುದು.

ಡೋಲು ಬೇಡ. ಹಾಸ್ಟೆಲ್ಲಿಗೆ ಯಾರಾದರೂ ಅತಿಥಿ ಬಂದರೆ ವಾರ್ಡನ್ನು ನನ್ನನ್ನೇ ಕರೆದು ಕುಣಿಸುತ್ತಿದ್ದರಲ್ಲ, ನೆನಪಿದೆಯಾ? ನನಗೆ ಆ ಕುಣಿತ ಬರುತ್ತಲೇ ಇರಲಿಲ್ಲ. ಸುಮ್ಮನೆ ಏನೋ ಹೆಜ್ಜೆ ಹಾಕುತ್ತಿದ್ದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಕ್ಯಾಪ್ಟನ್ ಜೈನಬಾಳಿಗೆ ಕುಣಿಯಲು ಪುರುಸೊತ್ತಿಲ್ಲ. ಅವಳಿಗೆ ಹಡಗು ನಡೆಸುವ ಕೆಲಸವಿದೆ.

ಕ್ಯಾಪ್ಟನ್ ಶಮೀನಾಳೇ. ಹೇಳಲು ಮರೆತೆನೇನೋ, ನಿನಗೆ ಹೇಗೂ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಉರು ಹೊಡೆಯುತ್ತಿದ್ದಾಳೆ. ಇಲ್ಲಿನ ಎಲ್ಲ ಮಕ್ಕಳ ಹಾಗೆ ಇವಳ ಕನ್ನಡವೂ ಅಷ್ಟಕ್ಕಷ್ಟೇ ಇತ್ತು. ಈಗ ಪದದ ಅರ್ಥ ಕೇಳುತ್ತಾಳೆ, "ಮಡಿಲು" ಎಂದರೇನು, "ದಿಕ್ಕು" ಎಂದರೇನು. ಬಸ್ಮಾ ಅವಳ ಅಳತೆಗೆ ಬೆಳ್ಳಿ ಬಣ್ಣದ ಜಾಕೆಟ್ಟು ಹೊಲಿದುಕೊಟ್ಟಿದ್ದಾಳೆ. ತೋಳಿನ ಮೇಲೆ ಒಂದು ಜೇನುಹುಳ. ತಬೂಕಿನ ತೋಟದ ಕೆಲಸದಿಂದ ರಜೆಗೆ ಬಂದಿದ್ದ ಇವಳ ಅಪ್ಪನಿಗೆ, ಮನೆಯೊಳಗೆ ಬರಲು ಕ್ಯಾಪ್ಟನ್ನಿನ ಅನುಮತಿ ಬೇಕಾಯಿತು. ಅಬ್ದುಲ್ ಹಕೀಮ್ ಬಾಗಿಲಲ್ಲೇ ಸೆಲ್ಯೂಟ್ ಹೊಡೆದು ನಿಂತಿದ್ದರು.

ತಲೆನೋವು ಹೋಗಿದೆ. ಶಾಲೆಗೆ ಹೋಗುತ್ತಿದ್ದಾಳೆ.

ಮೈಮೂ


ದಮ್ಮಾಮ್
೩ ಅಕ್ಟೋಬರ್ ೨೦೨೪

ಮೈಮೂ,

ಉತ್ತರ ತಡವಾಯಿತು, ಸಂಘದ ಕೆಲಸ ಕುತ್ತಿಗೆವರೆಗೆ ಬಂದಿದೆ. ಮೊನ್ನೆ ಕಮಿಟಿ ಕೂತಿತ್ತು. ನಮ್ಮ ಅಧ್ಯಕ್ಷರು ಅನಂತ ಅವರು, ಉಡುಪಿ ಕಡೆಯವರು, ಬಹಳ ಒಳ್ಳೆಯ ಮನುಷ್ಯ. ಸಣ್ಣಪುಟ್ಟ ಸಲಹೆ ಕೊಟ್ಟಿದ್ದಾರೆ. ಬೇಜಾರು ಮಾಡಿಕೊಳ್ಳಬೇಡ.

ಕ್ಯಾಪ್ಟನ್ನಿನ ಕೊನೆಯ ಮಾತಿದೆಯಲ್ಲ, "ನನ್ನ ಅಜ್ಜಿಯ ಅಜ್ಜಿಯ ಅಜ್ಜಿಯನ್ನು ಹಡಗಿನ ತಳದಲ್ಲಿ ಕಟ್ಟಿ ತಂದರು. ಎಲ್ಲಿಗೆ ಹೋಗಬೇಕು ಎಂದು ಅವಳನ್ನು ಯಾರೂ ಕೇಳಲಿಲ್ಲ. ಈ ಹಡಗಿನ ದಿಕ್ಕು ನಾನು ಹೇಳುತ್ತೇನೆ" ಅಂತ. ಓದಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಅನಂತ ಅವರು ಹೇಳಿದರು, "ಹಬ್ಬದ ದಿನ ಇದೆಲ್ಲ ಎಂತಕ್ಕೆ ಮಾರಾಯ್ರೆ? ಮಕ್ಕಳ ನಾಟಕ ಅಲ್ವಾ? ಗುಲಾಮರು ಗಿಲಾಮರು ಅಂತ ಹೇಳಿದ್ರೆ ಬಂದವರಿಗೆ ಊಟ ಸೇರುದಿಲ್ಲ." ಅದೂ ಒಂದು ರೀತಿ ಸರಿಯೇ. "ಸಿದ್ದಿ" ಎಂಬ ಮಾತು ಪದೇ ಪದೇ ಬಂದರೆ ಜಾತಿಯ ವಿಷಯ ಎಂದುಕೊಳ್ಳುತ್ತಾರೆ ಎಂಬ ಮಾತೂ ಬಂತು. ಹೆಸರನ್ನು ಕ್ಯಾಪ್ಟನ್ ಚೈತ್ರಾ ಎಂದು ಮಾಡೋಣವಾ ಎಂದರು.

ಪ್ರಾಕ್ಟೀಸು ಪ್ರತಿ ಶುಕ್ರವಾರ ಇಲ್ಲೇ. ಜಿದ್ದಾದಿಂದ ಪ್ರತಿ ವಾರ ಶಮೀನಾ ಬರಲಾದೀತಾ? ಅದಕ್ಕೇ ಸದ್ಯಕ್ಕೆ ಮಾನಸಳನ್ನು ನಿಲ್ಲಿಸಿಕೊಂಡಿದ್ದೇವೆ.

ಶಮೀನಾಳಿಗೆ ನಾನೇ ಹಠ ಮಾಡಿ ಒಂದು ವಿಶೇಷ ಜಾಗ ಮಾಡಿದ್ದೇನೆ. ನಾಟಕ ಶುರುವಾಗುವ ಮುಂಚೆ ಸಿದ್ದಿ ನೃತ್ಯ. ಸೊಪ್ಪಿನ ಉಡುಗೆ, ಡೋಲು, ಮುಂದೆ ಶಮೀನಾ, ಹಿಂದೆ ಎಲ್ಲ ಮಕ್ಕಳು. ಅವಳಿಗೆ ಕಲಿಸಬೇಕಾದದ್ದೇ ಇಲ್ಲ, ರಕ್ತದಲ್ಲೇ ಇರುತ್ತದೆ ಎಂದೆ. ಎಲ್ಲರೂ ಒಪ್ಪಿದರು.

ನಿನ್ನ ವಂದಿ


ಜಿದ್ದಾ
೯ ಅಕ್ಟೋಬರ್ ೨೦೨೪

ವಂದನಾ,

ಎರಡು ಸಲ ಬರೆದು ಅಳಿಸಿದೆ.

ಶಮೀನಾಳಿಗೆ ಇದ್ದದ್ದು ಕಣ್ಣಿನ ತೊಂದರೆಯಲ್ಲ. ಇಂಡಿಯನ್ ಸ್ಕೂಲಿನ ಕ್ಲಾಸಿನಲ್ಲಿ ಅವಳ ಹೆಸರು "ಆಫ್ರಿಕಾ". ಹಾಜರಿ ಕೂಗುವಾಗ ಹಿಂದಿನಿಂದ ಮಕ್ಕಳು ಮೆತ್ತಗೆ "ಆಫ್ರಿಕಾ ಪ್ರೆಸೆಂಟ್" ಎನ್ನುತ್ತಿದ್ದರು. ಊಟಕ್ಕೆ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಹೇಳೋಣವೆಂದು ಹೋದರೆ ಟೀಚರು ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ನೀವು ನಿಜವಾಗಿ ಇಂಡಿಯನ್ಸಾ?" ಎಂದು ಕೇಳಿದರು. ನಾನು ಲ್ಯಾಬಿನ ಕೆಲಸ ಬಿಟ್ಟು ಓಡಿ ಬಂದಿದ್ದೆ, ಬಿಳಿ ಕೋಟು ಮೈಮೇಲೇ ಇತ್ತು. ಅದನ್ನೂ ನೋಡಲಿಲ್ಲ ಆಕೆ. ಶಮೀನಾ ಪಕ್ಕದಲ್ಲೇ ನಿಂತಿದ್ದಳು.

ಇದನ್ನೆಲ್ಲ ನಿನಗೆ ಹೇಳಬಾರದು ಎಂದಿದ್ದೆ. ಪಾಪ ಎನ್ನುತ್ತೀಯ, ನನಗೆ ಅದು ಬೇಡವಾಗಿತ್ತು.

ಬಸ್ಮಾಳ ಜಾಕೆಟ್ಟು ಹಾಕಿಕೊಂಡ ದಿನದಿಂದ ಅವಳು ಬೆನ್ನು ನೆಟ್ಟಗೆ ಮಾಡಿ ನಡೆಯುತ್ತಿದ್ದಾಳೆ. ಕ್ಲಾಸಿನಲ್ಲಿ ಯಾರೋ ಮತ್ತೆ "ಆಫ್ರಿಕಾ" ಎಂದಾಗ, "ಕ್ಯಾಪ್ಟನ್ ಅಂತ ಕರಿ" ಎಂದಳಂತೆ.

ಅವಳಿಗೆ ಸೊಪ್ಪು ಉಡಿಸಬೇಡ. ಹೆಸರು ಜೈನಬಾ, ಜನ ಸಿದ್ದಿಗಳು, ಕೊನೆಯ ಮಾತು ಇದ್ದ ಹಾಗೇ ಇರಬೇಕು, ಆಡುವವಳು ಶಮೀನಾ. ಇದಾಗದಿದ್ದರೆ ನಾಟಕ ಬಿಟ್ಟುಬಿಡಿ, ಬೇರೆ ಮಾಡಿಕೊಳ್ಳಿ. ಜಗಳ ಆಡುವುದಿಲ್ಲ.

ಮೈಮೂನತ್


ದಮ್ಮಾಮ್
೧೪ ಅಕ್ಟೋಬರ್ ೨೦೨೪

ಮೈಮೂ, ನನ್ನ ಬಂಗಾರ,

ಓದಿ ಅತ್ತುಬಿಟ್ಟೆ. ಯಾಕೆ ಮೊದಲೇ ಹೇಳಲಿಲ್ಲ? ನಾನೇನು ಹೊರಗಿನವಳಾ?

ಕಮಿಟಿಯಲ್ಲಿ ಜಗಳ ಆಡಿದೆ. ಎಲ್ಲ ಸರಿಯಾಯಿತು. ಜೈನಬಾ ಎಂದೇ ಇರುತ್ತದೆ, ಸಿದ್ದಿ ಎಂಬ ಮಾತೂ ಇರುತ್ತದೆ. ನೀನು ಏನೂ ತಲೆ ಕೆಡಿಸಿಕೊಳ್ಳದೆ ಮಗಳನ್ನು ಕರೆದುಕೊಂಡು ಬಾ. ಶಮೀನಾ ಇಲ್ಲದೆ ಈ ಕಾರ್ಯಕ್ರಮವೇ ಇಲ್ಲ. ಜಾಕೆಟ್ಟು ಮರೆಯದೆ ತಾ. ಮಾನಸ ಅವಳ ಜೊತೆ ಮಲಗಲು ಈಗಲೇ ಹಾಸಿಗೆ ಹಾಕಿ ಕಾಯುತ್ತಿದ್ದಾಳೆ.

ಕಾರ್ತಿಕ್ ಏರ್‌ಪೋರ್ಟಿಗೆ ಬರುತ್ತಾರೆ.

ಸದಾ ನಿನ್ನ
ವಂದಿ


ಜಿದ್ದಾ
೧೬ ಅಕ್ಟೋಬರ್ ೨೦೨೪

ವಂದಿ,

ನಾನು ಸುಮ್ಮನೆ ಒರಟಾಗಿ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ಪತ್ರ ಓದಿ ಹೇಳಿದೆ, ಶಮೀನಾ ಮೆಟ್ಟಿಲಿಳಿದು ಓಡಿ ಬಸ್ಮಾಳಿಗೆ ಸುದ್ದಿ ಮುಟ್ಟಿಸಿ ಬಂದಳು. ಟಿಕೆಟ್ ಆಗಿದೆ. ಇವಳ ಅಪ್ಪನಿಗೆ ರಜೆ ಸಿಗಲಿಲ್ಲ, ವಿಡಿಯೋ ಮಾಡಿ ಕಳಿಸಬೇಕಂತೆ.

ಬರುತ್ತೇವೆ.

ಮೈಮೂ


ದಮ್ಮಾಮ್
೧೦ ನವೆಂಬರ್ ೨೦೨೪

ಮೈಮೂ,

ನೀನು ಫೋನು ಎತ್ತುತ್ತಿಲ್ಲ. ಊಟವನ್ನೂ ಮಾಡದೆ, ಬ್ಯಾಗು ತೆಗೆದುಕೊಂಡು, ಯಾವುದೋ ಟ್ಯಾಕ್ಸಿ ಹತ್ತಿ ಹೋಗಿಬಿಟ್ಟೆ. ಅಷ್ಟು ಜನರ ಮುಂದೆ ನನಗೆ ಹೇಗಾಗಿರಬೇಡ? ಅನಂತ ಅವರು ವೇದಿಕೆಗೆ ಕರೆದು ನಿನಗೆ ಶಾಲು ಹೊದಿಸಬೇಕೆಂದಿದ್ದರು. ಎರಡು ಸಲ ಮೈಕಿನಲ್ಲಿ ಹೆಸರು ಕೂಗಿದರು.

ನಿನಗೆ ಕೋಪ ಬಂದಿದೆ ಎಂದು ಗೊತ್ತು. ಆದರೆ ಯೋಚನೆ ಮಾಡು. ಮಾನಸ ಎರಡು ತಿಂಗಳು ಪ್ರಾಕ್ಟೀಸ್ ಮಾಡಿದ್ದಳು. ಉಳಿದ ಮಕ್ಕಳಿಗೆಲ್ಲ ಅವಳ ಜೊತೆ ರೂಢಿಯಾಗಿತ್ತು. ಕೊನೆ ಗಳಿಗೆಯಲ್ಲಿ ಬದಲಾಯಿಸಿದರೆ ಇಡೀ ನಾಟಕ ಹಾಳಾಗುತ್ತಿತ್ತು. ಶಮೀನಾಳಿಗೆ ವಿಶೇಷ ಜಾಗ ಇದೆ ಎಂದೆ, ನೃತ್ಯದಲ್ಲಿ ಇತ್ತು. ಕ್ಯಾಪ್ಟನ್ ಎಂದು ನಾನು ಬರೆದಿದ್ದೇನಾ? ಹಿಂದೆ ಹೋಗಿ ಓದು.

ಬಣ್ಣದ ವಿಷಯ. ಮೇಕಪ್ಪಿನವರು ಪಾತ್ರ ನಿಜ ಅನ್ನಿಸಲಿ ಎಂದು ಮಾಡಿದರು. ಅವಮಾನ ಮಾಡಬೇಕೆಂದು ಯಾರ ಮನಸ್ಸಿನಲ್ಲೂ ಇರಲಿಲ್ಲ. ಸಿದ್ದಿಗಳ ಮೇಲಿನ ಗೌರವದಿಂದಲೇ ಅಲ್ಲವಾ, ನನ್ನ ಮಗಳು ಮುಖಕ್ಕೆ ಮಸಿ ಬಣ್ಣ ಹಚ್ಚಿಕೊಂಡು ನಿಂತದ್ದು? ಆ ಬಣ್ಣದಿಂದ ಅವಳ ಕೆನ್ನೆಯೆಲ್ಲ ಗುಳ್ಳೆ ಎದ್ದಿದೆ.

ಶಮೀನಾ ಕುಣಿಯುವುದಿಲ್ಲ ಎಂದು ಹಠ ಮಾಡಿದಳು. ನಾನು ಬೈಯಲಿಲ್ಲ. ಜಾಕೆಟ್ಟನ್ನು ಅವಳೇ ಬಿಚ್ಚಿ ಕೊಟ್ಟಳು, ಯಾರೂ ಕಿತ್ತುಕೊಳ್ಳಲಿಲ್ಲ. ಅದು ನಮ್ಮಲ್ಲೇ ಇದೆ, ಒಗೆಸಿ ಇಟ್ಟಿದ್ದೇನೆ. ಕಾಲರಿಗೆ ಬಣ್ಣ ಮೆತ್ತಿದ್ದು ಪೂರ್ತಿ ಹೋಗಿಲ್ಲ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿನ್ನ ನಾಟಕಕ್ಕೇ ತಾನೇ ಅದು?

ವಂದನಾ


ಜಿದ್ದಾ
೨೪ ನವೆಂಬರ್ ೨೦೨೪

ವಂದನಾ,

ಹಿಂದೆ ಹೋಗಿ ಓದಿದೆ. ನೀನು ಹೇಳಿದ್ದು ಸರಿ. ಕ್ಯಾಪ್ಟನ್ ಎಂದು ನೀನು ಎಲ್ಲೂ ಬರೆದಿಲ್ಲ. ಬಹಳ ಜಾಗ್ರತೆಯಿಂದ ಬರೆದಿದ್ದೀಯ. ಓದುವಾಗ ನಾನು ಅಷ್ಟು ಜಾಗ್ರತೆ ಮಾಡಲಿಲ್ಲ, ಹಾಸ್ಟೆಲ್ಲಿನ ವಂದಿ ಎಂದುಕೊಂಡು ಓದಿದೆ.

ಆ ದಿನ ನಡೆದದ್ದು ಇಲ್ಲಿದೆ. ಶಮೀನಾ ಸ್ವಲ್ಪ ಸ್ವಲ್ಪವಾಗಿ ಹೇಳಿದ್ದು, ಉಳಿದದ್ದು ನಾನೇ ನೋಡಿದ್ದು.

ನೀನು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮಕ್ಕಳ ಕೋಣೆಗೆ ದೊಡ್ಡವರು ಬರಬಾರದು ಎಂದೆ. ಒಳಗೆ ಒಬ್ಬ ಹೆಂಗಸು ಶಮೀನಾಳನ್ನು ಕರೆದು, "ಬಾ ಮಗಾ, ನಿಂಗೆ ಸೊಪ್ಪು ಕಟ್ಲಿಕ್ಕುಂಟು" ಎಂದರಂತೆ. "ನಾನು ಕ್ಯಾಪ್ಟನ್" ಎಂದಳು ಇವಳು. "ಕ್ಯಾಪ್ಟನ್ ಅಲ್ಲಿ ಮೇಕಪ್ಪಿಗೆ ಕೂತಿದ್ದಾಳಲ್ಲ" ಎಂದು ಆಕೆ ನಕ್ಕರು.

ಕುರ್ಚಿಯಲ್ಲಿ ಮಾನಸ ಕೂತಿದ್ದಳು. ಅರ್ಧ ಮುಖ ಅವಳದೇ, ಅರ್ಧ ಕಪ್ಪು. ಇವಳನ್ನು ನೋಡಿ ಖುಷಿಯಿಂದ, "ಶಮೀನಾ, ಸೀ, ನಾನು ನಿನ್ನ ಥರ ಆಗ್ತಿದೀನಿ!" ಎಂದಳಂತೆ. ಮಾನಸಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಕೆನ್ನೆಗೆ ಬೇಗ ಗುಣವಾಗಲಿ.

ಶಮೀನಾ ಹತ್ತಿರ ಹೋಗಿ ಅವಳ ಕೆನ್ನೆ ಮುಟ್ಟಿ, ತನ್ನ ಬೆರಳು ನೋಡಿಕೊಂಡಳು. ಕಪ್ಪು ಅಂಟಿತ್ತು. ಅದು ಅವಳ ಕಪ್ಪಿನ ಹಾಗೆ ಇರಲೇ ಇಲ್ಲವಂತೆ. "ಬೂಟ್ ಪಾಲಿಶ್ ಥರ ಇತ್ತು ಅಮ್ಮಿ" ಎಂದಳು. ಅಷ್ಟರಲ್ಲಿ ನೀನು ಬಂದು ಜಾಕೆಟ್ಟು ಕೇಳಿದೆ. ಯಾರೂ ಕಿತ್ತುಕೊಳ್ಳಲಿಲ್ಲ, ನಿಜ. ನೀನು ಕೈ ಚಾಚಿ ನಿಂತಿದ್ದೆ.

ಅವಳು ಬಂದು ನನ್ನ ಪಕ್ಕ ಕೂತಳು. ಜಾಕೆಟ್ ಎಲ್ಲಿ ಎಂದರೆ ವೇದಿಕೆಯ ಕಡೆ ನೋಡಿದಳು. ಪರದೆ ಸರಿಯಿತು. ಸೊಪ್ಪು ಕಟ್ಟಿಕೊಂಡ ಮಕ್ಕಳು ಹೋ ಹೋ ಎಂದು ಕೂಗುತ್ತ ಕುಣಿದರು. ಆಮೇಲೆ ಆ ಜಾಕೆಟ್ಟು, ಆ ಮುಖ ಬಂತು. ಜನ ಗೊಳ್ಳೆಂದು ನಕ್ಕರು, ಒಳ್ಳೆಯ ಮನಸ್ಸಿನ ನಗುವೇ ಇರಬೇಕು. ನಾನು ಎದ್ದೆ. ಶಮೀನಾ ಕೈ ಹಿಡಿದು ಎಳೆದಳು. "ಕೂತ್ಕೋ ಅಮ್ಮಿ. ಪೂರ್ತಿ ನೋಡೋಣ."

ಮಾನಸ ಆಡುವ ಒಂದೊಂದು ಮಾತನ್ನೂ ಇವಳು ತುಟಿಯಲ್ಲಿ ಆಡುತ್ತಿದ್ದಳು. ಒಂದು ಅಕ್ಷರ ಮರೆತಿರಲಿಲ್ಲ. ಕೊನೆಯ ಮಾತು ಬಂತು. "ನನ್ನ ಅಜ್ಜಿಯ ಅಜ್ಜಿಯ ಅಜ್ಜಿ" ಎಂಬಲ್ಲಿಯವರೆಗೆ ಇಬ್ಬರೂ ಒಟ್ಟಿಗೇ ಹೇಳಿದರು. ಆಮೇಲೆ ಮಾನಸ, "ಸಮುದ್ರ ದಾಟಿ ಕನ್ನಡ ನಾಡಿಗೆ ಬಂದಳು, ತಾಯಿ ಭುವನೇಶ್ವರಿ ಅವಳನ್ನು ಮಡಿಲಿಗೆ ಹಾಕಿಕೊಂಡಳು" ಎಂದಳು. ಶಮೀನಾಳ ತುಟಿ ಅಲ್ಲೇ ನಿಂತಿತು. ಜನ ಎದ್ದು ಚಪ್ಪಾಳೆ ತಟ್ಟಿದ್ದು ಆಗಲೇ.

ಆ ವಾಕ್ಯ ಬರೆದದ್ದು ನೀನೇ ಇರಬೇಕು. ಅನಂತ ಅವರಿಗೆ ಅಷ್ಟು ಚಂದ ಬರೆಯಲು ಬರುವುದಿಲ್ಲ.

ವಿಮಾನದಲ್ಲಿ ಕಿಟಕಿ ಕಡೆ ತಿರುಗಿಕೊಂಡು ಕೇಳಿದಳು, "ಇನ್ನೂರು ವರ್ಷ ಆದ ಮೇಲೂ ಹೀಗೇ ಮಾಡ್ತಾರಾ?" ನಾನು ನೀರು ಬೇಕಾ ಎಂದು ಕೇಳಿದೆ.

ಮೈಮೂನತ್


ದಮ್ಮಾಮ್
೧೯ ಜನವರಿ ೨೦೨೫

ಮೈಮೂನತ್ ಅವರಿಗೆ,

ನಿಮ್ಮ ಹಿಂದಿನ ಪತ್ರಕ್ಕೆ ಉತ್ತರಿಸಿ ಮಾತು ಬೆಳೆಸಲು ಇಷ್ಟವಿಲ್ಲ. ಇಪ್ಪತ್ತು ವರ್ಷದ ಸ್ನೇಹವನ್ನು ಹೀಗೆ ನೋಡುತ್ತೀರಿ ಎಂದು ತಿಳಿದಿರಲಿಲ್ಲ.

ರಿಯಾದಿನ ಕನ್ನಡಿಗರು ನಾಟಕದ ವಿಡಿಯೋ ನೋಡಿ ಅಲ್ಲಿಯೂ ಆಡಿಸಬೇಕೆಂದು ಕೇಳಿದ್ದಾರೆ. ಸಂಘದ ಸ್ಮರಣಸಂಚಿಕೆಯಲ್ಲೂ ಅಚ್ಚು ಹಾಕುತ್ತಿದ್ದೇವೆ. ತಿದ್ದುಪಡಿ ಬಹಳ ಆಗಿರುವುದರಿಂದ "ರಚನೆ: ವಂದನಾ, ಮೂಲ ಕಲ್ಪನೆ: ಮೈಮೂನತ್" ಎಂದು ಹಾಕುವುದು ನ್ಯಾಯ ಎಂದು ಕಮಿಟಿಯ ಅಭಿಪ್ರಾಯ. ಈ ತಿಂಗಳೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ತಿಳಿಯುತ್ತೇವೆ.

ಜಾಕೆಟ್ಟನ್ನು ಕೊರಿಯರ್ ಮಾಡಿದ್ದೇನೆ.

ವಂದನಾ


ಜಿದ್ದಾ
೧೫ ಫೆಬ್ರವರಿ ೨೦೨೫

ವಂದನಾ ಅವರಿಗೆ,

ತಿಂಗಳು ಮುಗಿದಿದೆ. ನೀವು ನನ್ನ ಒಪ್ಪಿಗೆಯನ್ನು ಪಡೆದುಕೊಂಡಿರುತ್ತೀರಿ. ಆದರೂ ಬರೆಯುತ್ತಿದ್ದೇನೆ: ನನ್ನ ಹೆಸರು ಮೇಲೂ ಬೇಡ, ಕೆಳಗೂ ಬೇಡ. ಯಾರ ಮಡಿಲಿನಲ್ಲೋ ಬಿದ್ದುಕೊಂಡಿರುವ ಆ ಕ್ಯಾಪ್ಟನ್ನು ನನಗೆ ಗೊತ್ತಿಲ್ಲ.

ನಾನು ಬರೆದ ನಾಟಕ ಕಳೆದ ವಾರ ಇಲ್ಲಿ ನಡೆಯಿತು. ನಾನು ಅರ್ಥ ಹೇಳುತ್ತ ಹೋದೆ, ಬಸ್ಮಾ ಅರಬ್ಬಿಗೆ ತಿರುಗಿಸಿದಳು. ಅವಳ ಮನೆಯ ಅಂಗಳದಲ್ಲಿ ಅಕ್ಕಪಕ್ಕದ ಸುಡಾನಿ, ಚಾಡ್ ಮನೆಗಳ ಮಕ್ಕಳು, ಬಸ್ಮಾಳ ತಂಗಿಯ ಮಕ್ಕಳು ಆಡಿದರು. ಯಾರಿಗೂ ಬಣ್ಣ ಹಚ್ಚಬೇಕಾಗಲಿಲ್ಲ. ಹಡಗಿನ ತಳದ ಮಾತು ಬಂದಾಗ ಹಿಂದೆ ಕೂತಿದ್ದ ಒಬ್ಬರು ಅಜ್ಜಿ ಜೋರಾಗಿ ಅತ್ತರು. ಯಾರಿಗೂ ಊಟ ಸೇರದೆ ಹೋಗಲಿಲ್ಲ.

ಅವರೆಲ್ಲ ಕ್ಯಾಪ್ಟನ್ ಪಾತ್ರವನ್ನು ಶಮೀನಾಳಿಗೇ ಇಟ್ಟಿದ್ದರು. ಅವಳು ಒಲ್ಲೆ ಎಂದಳು. ಬಸ್ಮಾ ಹೇಳಿದಳು, ಅಪ್ಪ ತಬೂಕಿನಿಂದ ಫೋನಿನಲ್ಲಿ ಹೇಳಿದರು, ಆಗಲಿಲ್ಲ. ಕೊನೆಗೆ ಬೇರೊಂದು ಹುಡುಗಿ ಮಾಡಿದಳು. ನೋಡಲಾದರೂ ಬಾ ಎಂದೆ. ಕೆಳಗೆ ನಾಟಕ ನಡೆಯುವಾಗ ಇವಳು ಮೇಲೆ ಬಾಗಿಲು ಹಾಕಿಕೊಂಡು ಮಲಗಿದ್ದಳು. ತಲೆನೋವಂತೆ.

ನಾನು ಮೇಲೆ ಹೋಗಿ ಮಂಚದ ತುದಿಯಲ್ಲಿ ಕೂತೆ. ಚೆನ್ನಾಗಿ ಆಯಿತು ಮಗಳೇ, ಆದರೆ ನಿನ್ನ ಹಾಗೆ ಯಾರೂ ಹೇಳಲಿಲ್ಲ, ನನಗೋಸ್ಕರ ಒಂದೇ ಒಂದು ಸಲ ಆ ಕೊನೆಯ ಮಾತನ್ನು ಕನ್ನಡದಲ್ಲಿ ಹೇಳು ಎಂದೆ.

ಅವಳು ಗೋಡೆಯ ಕಡೆ ತಿರುಗಿದಳು. ಇಂಗ್ಲಿಷಿನಲ್ಲಿ, ತಣ್ಣಗೆ ಹೇಳಿದಳು, ಆ ಭಾಷೆ ಅವರದು ಅಮ್ಮಿ, ನಮ್ಮದಲ್ಲ.

ನಮ್ಮ ಕೇರಿಯಲ್ಲಿ ನನ್ನ ಅಜ್ಜಿ, ಅವಳ ಅಜ್ಜಿ ಎಲ್ಲ ಅದೇ ನೆಲದಲ್ಲಿ ಬದುಕಿ ಸತ್ತವರು, ಅದೇ ಭಾಷೆಯಲ್ಲಿ ಬೈಸಿಕೊಂಡವರು, ಅದರಲ್ಲೇ ಕೂಲಿ ಕೇಳಿದವರು. ನಾನು ಓದಿದ್ದು, ಬರೆದದ್ದು ಎಲ್ಲ ಅದರಲ್ಲೇ. ನಮ್ಮದೇ ಅದು ಎಂದು ಹೇಳಬೇಕಿತ್ತು.

ಯಾವ ಭಾಷೆಯಲ್ಲಿ ಹೇಳಿದರೆ ಅವಳು ನಂಬುತ್ತಾಳೆ ಎಂದು ತಿಳಿಯಲಿಲ್ಲ. ಹೊದಿಕೆ ಸರಿಮಾಡಿ ಹೊರಗೆ ಬಂದೆ.

ಮೈಮೂನತ್